ಡಚ್ ಕಲಿತ ಜಪಾನಿ ವೈದ್ಯರು

ವೈದ್ಯನಾಗಬೇಕೆಂದೋ ಎಂಜಿನಿಯರಾಗಬೇಕೆಂದೋ ಓದಲು ಹೊರಟ ತರುಣನಿಗೆ ಪರಭಾಷೆಯೊಂದರ ಪಾಠವೆಂಬುದು ದಾರಿಗೆ ಅಡ್ಡವಾಗಿ ಹರಿಯುವ ಹಳ್ಳದಂತೆ ಕಾಣುತ್ತದೆ. ದಾಟಬೇಕು, ದಾಟುತ್ತಾನೆ, ಅದರಲ್ಲಿ ಮೀಯುವ ಗೊಡವೆಗೆ ಹೋಗುವುದಿಲ್ಲ. ಇದನ್ನು ನಾನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಕಸುಬು ಕಲಿಯುವವನಿಗೆ ಹೊತ್ತು ಕಡಮೆ, ಚಿತ್ತವೆಲ್ಲ ಕಸುಬಿನ ಮೇಲೆಯೇ ಇರುವುದು ಸಹಜ. ಕಾಲೇಜುಗಳಲ್ಲಿ ಭಾಷಾಪಾಠ ಹೇಳಿದ ನನ್ನಂಥವರಿಗೆ ವಿಜ್ಞಾನದ ತರಗತಿಯ ಹಿಂದಿನ ಬೆಂಚುಗಳಿಂದ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ಪ್ರಶ್ನೆ ಒಂದೇ: ಇದು ಮುಂದೆ ನಮ್ಮ ಯಾವ ಕೆಲಸಕ್ಕೆ ಬರುತ್ತದೆ? ಕನ್ನಡಕ್ಕೂ ಈ ಪ್ರಶ್ನೆ ಬಂತು, ಜರ್ಮನ್ ಹೇಳಿಕೊಡುತ್ತಿದ್ದ ಮಿತ್ರರಿಗೂ ಬಂತು. ಇಂಗ್ಲಿಷಿನ ಅಧ್ಯಾಪಕರಿಗೆ ಮಾತ್ರ ಬರಲಿಲ್ಲ. ಅದು ಕೆಲಸಕ್ಕೆ ಬರುವ ಭಾಷೆಯೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಇಂಗ್ಲಿಷನ್ನು ಬಹಳ ಮಂದಿ ಚೆನ್ನಾಗಿ ಕಲಿತರೆಂದು ಹೇಳಲಾರೆ. ಕೆಲಸಕ್ಕೆ ಬರುತ್ತದೆ ಎಂಬ ತಿಳಿವಳಿಕೆಯೊಂದೇ ಭಾಷೆಯನ್ನು ಕಲಿಸುವುದಿಲ್ಲವೆಂದು ಇದರಿಂದ ತೋರುತ್ತದೆ. ಹಾಗಾದರೆ ಕಲಿಸುವುದು ಯಾವುದು?

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ಓದಿದ ಗ್ರಂಥಗಳಲ್ಲಿ ಬಲು ರುಚಿಕಟ್ಟಾದದ್ದು ಫುಕುಜಾವಾ ಯುಕಿಚಿ ಎಂಬ ಜಪಾನಿ ವಿದ್ವಾಂಸನ ಆತ್ಮಕಥೆ. ೧೮೯೯ರಲ್ಲಿ ಹೊರಬಂದ ಈ ಪುಸ್ತಕವನ್ನು ಅವನ ಮೊಮ್ಮಗ ೧೯೩೪ರಲ್ಲಿ ಇಂಗ್ಲಿಷಿಗೆ ತಂದ. ಜಪಾನೀ ಅಕ್ಷರವೊಂದನ್ನೂ ಅರಿಯದ ನಾನು ಓದಿದ್ದು ಅದನ್ನೇ. ಅದರ ಎಳೆ ಹಿಡಿದು ಹಿಂದೆ ಹಿಂದೆ ಹೋದಾಗ ದೊರೆತದ್ದು, ನೂರು ವರ್ಷಗಳ ಕಾಲ ತಮ್ಮ ದೇಶದಲ್ಲಿ ಯಾರೂ ಆಡದ ಒಂದು ಭಾಷೆಯನ್ನು ಕೇವಲ ಪುಸ್ತಕ ಓದುವುದಕ್ಕಾಗಿ ಕಲಿತ ವೈದ್ಯ ವಿದ್ಯಾರ್ಥಿಗಳ ಕಥೆ. ಆ ಭಾಷೆ ಡಚ್.

ಹದಿನೇಳನೆಯ ಶತಮಾನದಲ್ಲಿ ಜಪಾನು ಯೂರೋಪಿಯನ್ನರ ಪೈಕಿ ಡಚ್ಚರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರಿಗೆ ಬಾಗಿಲು ಮುಚ್ಚಿತು. ಆ ಡಚ್ಚರೂ ಊರೊಳಗೆ ಇರುವಂತಿಲ್ಲ. ನಾಗಸಾಕಿಯ ರೇವಿನಲ್ಲಿ ಬೀಸಣಿಗೆಯ ಆಕಾರದ ದೆಜಿಮಾ ಎಂಬ ಕೃತಕ ದ್ವೀಪವೊಂದಿತ್ತು. ೧೬೪೧ರಿಂದ ಅವರ ವಾಸ ಅಲ್ಲಿ, ಕಾವಲಿನಲ್ಲಿ. ನಮ್ಮ ಬಸರೂರಿಗೆ ಅಕ್ಕಿ ಕೊಳ್ಳಲು ಬರುತ್ತಿದ್ದ ಡಚ್ ಕಂಪನಿಯೇ ಇದು. ಇವರೊಡನೆ ವ್ಯವಹರಿಸಲು ಸರ್ಕಾರ ದುಭಾಷಿಗಳ ಮನೆತನಗಳನ್ನು ನೇಮಿಸಿತ್ತು. ನಮ್ಮಲ್ಲಿ ಶಾನುಭೋಗಿಕೆ ನಡೆದುಬಂದ ಹಾಗೆ ದುಭಾಷಿತನವೂ ಅಪ್ಪನಿಂದ ಮಗನಿಗೆ ಬರುವ ಹಕ್ಕು. ಹಡಗಿನ ಸರಕು, ಲೆಕ್ಕ, ಅರಿಕೆ, ಅಪ್ಪಣೆ — ಇಷ್ಟಕ್ಕೆ ಸಾಲುವ ಡಚ್ ಅವರ ಬಾಯಲ್ಲಿತ್ತು. ಪಾಶ್ಚಾತ್ಯ ಪುಸ್ತಕಗಳ ಮೇಲಿದ್ದ ನಿಷೇಧವನ್ನು ೧೭೨೦ರಲ್ಲಿ ಷೋಗುನ್ ಯೋಶಿಮುನೆ ಸಡಿಲಿಸಿದ; ಕ್ರೈಸ್ತಮತದ ಮಾತಿಲ್ಲದ ಪುಸ್ತಕ ಒಳಗೆ ಬರಬಹುದೆಂದಾಯಿತು. ಪುಸ್ತಕವೇನೋ ಬರತೊಡಗಿತು, ಓದುವವರಿರಲಿಲ್ಲ.

ವರ್ಷಕ್ಕೊಮ್ಮೆ ದೆಜಿಮಾದ ಡಚ್ ಮುಖಂಡ ರಾಜಧಾನಿಯಾದ ಎದೊಗೆ, ಅಂದರೆ ಇಂದಿನ ತೋಕಿಯೋಗೆ, ಕಾಣಿಕೆ ಒಪ್ಪಿಸಲು ಬರುವ ಪದ್ಧತಿಯಿತ್ತು. ಅಂಥ ಒಂದು ಸಲ, ೧೭೬೦ರ ದಶಕದಲ್ಲಿ, ಸುಗಿತಾ ಗೆನ್‌ಪಾಕು ಮತ್ತು ಮಾಯೆನೊ ರ್ಯೋತಾಕು ಎಂಬ ಇಬ್ಬರು ವೈದ್ಯರು ಬಿಡಾರಕ್ಕೆ ಹೋಗಿ, ಜೊತೆಯಲ್ಲಿ ಬಂದಿದ್ದ ನಿಶಿ ಝೆನ್‌ಜಾಬುರೋ ಎಂಬ ಹಿರಿಯ ದುಭಾಷಿಯನ್ನು ಕಂಡು, ನಾವೂ ಡಚ್ ಕಲಿಯಬಹುದೇ ಎಂದು ವಿಚಾರಿಸಿದರು. ಬೇಡವೆಂದೇ ಅವನ ಬುದ್ಧಿವಾದ. ನೀರು ಕುಡಿಯುವುದಕ್ಕೆ ಏನೆನ್ನುತ್ತಾರೆಂದು ಕೇಳಬೇಕಾದರೆ ಬಟ್ಟಲನ್ನು ತುಟಿಗಿಟ್ಟು ಅಭಿನಯಿಸಿದರೆ ಸಾಕು, ಅವರು ಪದ ಹೇಳುತ್ತಾರೆ. ಆದರೆ ಕುಡಿಯುವುದರಲ್ಲಿ ಇಷ್ಟವುಂಟೇ ಎಂಬುದನ್ನು ಯಾವ ಅಭಿನಯದಿಂದ ಕೇಳುತ್ತೀರಿ? ಹುಟ್ಟಿದಂದಿನಿಂದ ಡಚ್ಚರ ಬಳಿಯಲ್ಲೇ ಇದ್ದ ನಮಗೇ ಇಂಥವು ಬಗೆಹರಿದಿಲ್ಲ, ಎದೊದಲ್ಲಿ ಕುಳಿತ ನಿಮಗೆ ಆಗದ ಮಾತು — ಇದು ಅವನ ವಾದದ ತಿರುಳು. ಸುಗಿತಾ ಒಪ್ಪಿಕೊಂಡು ಕೈಬಿಟ್ಟ. ಮಾಯೆನೊ ಬಿಡಲಿಲ್ಲ.

ನಿಶಿಯ ಮಾತಿನಲ್ಲಿ ಕಸುಬಿನ ಅಭಿಮಾನವಿದೆ, ಅಲ್ಪಸ್ವಲ್ಪ ಹೊಟ್ಟೆಪಾಡಿನ ಎಚ್ಚರವೂ ಇದ್ದೀತು. ಆದರೆ ಅವನ ಉದಾಹರಣೆ ಸುಳ್ಳಲ್ಲ. ಕಣ್ಣಿಗೆ ಕಾಣುವುದನ್ನು ಹೇಳುವ ಭಾಷೆ ಒಂದು, ಮನಸ್ಸಿನೊಳಗಿನದನ್ನು ಹೇಳುವ ಭಾಷೆ ಇನ್ನೊಂದು. ಎರಡನೆಯದು ಸಂತೆಯಲ್ಲಿ ಸಿಕ್ಕುವುದಿಲ್ಲ. ದುಭಾಷಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. ಕೋಪರ್ನಿಕಸನ ಮತವನ್ನು ಜಪಾನೀ ಭಾಷೆಗೆ ಮೊದಲು ತಂದ ಮೊತೊಕಿ ರ್ಯೋಎಯ್ ಅವರಲ್ಲೊಬ್ಬ. ಡಚ್ ವ್ಯಾಕರಣವನ್ನು ಮೊಟ್ಟಮೊದಲು ಬಿಡಿಸಿ ನೋಡಿದ ಶಿಜುಕಿ ತದಾಓ ಕೂಡ ಅದೇ ಕುಲದವನು. ಆದರೆ ಶಿಜುಕಿ ಆ ಕೆಲಸಕ್ಕೆ ಕುಳಿತದ್ದು ದುಭಾಷಿಯ ನೌಕರಿಗೆ ರಾಜೀನಾಮೆ ಕೊಟ್ಟ ಮೇಲೆ ಎಂಬುದನ್ನು ಗಮನಿಸಬೇಕು.

ಸುಗಿತಾನ ಮನಸ್ಸು ತಿರುಗಿದ್ದು ೧೭೭೧ರಲ್ಲಿ, ಜಪಾನೀ ಪಂಚಾಂಗದ ಮೂರನೆಯ ತಿಂಗಳ ನಾಲ್ಕನೆಯ ದಿನ. ಎದೊದ ಕೊಜುಕಪ್ಪಾರಾ ಎಂಬ ವಧಾಸ್ಥಾನದಲ್ಲಿ, ಮರಣದಂಡನೆಗೆ ಗುರಿಯಾದ ಒಬ್ಬ ಹೆಂಗಸಿನ ಶವವನ್ನು ಕೊಯ್ದು ತೋರಿಸುವುದಿತ್ತು. ಸುಗಿತಾ ಮತ್ತು ಮಾಯೆನೊ ಇಬ್ಬರೂ ಹೋದರು. ನೋಡಿದರೆ ಇಬ್ಬರ ಕೈಯಲ್ಲಿಯೂ ಒಂದೇ ಪುಸ್ತಕ: ಕುಲ್ಮುಸ್ ಎಂಬಾತನ ಅಂಗರಚನಾ ಗ್ರಂಥದ ಡಚ್ ಅವತರಣಿಕೆ, ೧೭೩೪ರಲ್ಲಿ ಅಚ್ಚಾದದ್ದು. ಒಬ್ಬರಿಗೊಬ್ಬರು ಹೇಳದೆ ಕೊಂಡಿದ್ದರು. ಚೀನೀ ವೈದ್ಯಗ್ರಂಥಗಳಲ್ಲಿ ಅವರು ಕಲಿತಿದ್ದ ಪುಪ್ಪುಸ, ಯಕೃತ್ತುಗಳ ಚಿತ್ರ ಒಂದು. ಎದುರಿಗೆ ತೆರೆದಿದ್ದ ಶರೀರ ಇನ್ನೊಂದು. ಡಚ್ ಪುಸ್ತಕದ ಪಟಗಳು ಮಾತ್ರ ಆ ಶರೀರಕ್ಕೆ ಒಂದಿಷ್ಟೂ ತಪ್ಪದೆ ಹೊಂದುತ್ತಿದ್ದವು. ತಲೆತಲಾಂತರದಿಂದ ಅರಸರಿಗೆ ವೈದ್ಯರಾಗಿ ಅನ್ನ ಉಂಡು, ಮನುಷ್ಯನ ದೇಹ ಹೇಗಿದೆಯೆಂದು ತಿಳಿಯದೆಯೇ ಚಿಕಿತ್ಸೆ ನಡೆಸಿದೆವಲ್ಲ ಎಂಬ ನಾಚಿಕೆ ಅವರನ್ನು ದಾರಿಯುದ್ದಕ್ಕೂ ಹಿಡಿಯಿತು. ಮನೆ ಸೇರುವುದರೊಳಗೆ ತೀರ್ಮಾನವಾಯಿತು: ದುಭಾಷಿಯ ನೆರವಿಲ್ಲದೆ ಈ ಪುಸ್ತಕವನ್ನು ನಾವೇ ಓದುವುದು. ಮರುದಿನವೇ ಮಾಯೆನೊನ ಮನೆಯಲ್ಲಿ ಕೂತರು.

ಆಗ ಮಾಯೆನೊಗೆ ಐವತ್ತರ ಹತ್ತಿರ ವಯಸ್ಸು. ನಾಗಸಾಕಿಗೆ ಹೋಗಿ ಕೆಲವು ನೂರು ಶಬ್ದ ಕಲಿತು ಬಂದಿದ್ದ. ಸುಗಿತಾಗೆ ವರ್ಣಮಾಲೆಯೂ ಗೊತ್ತಿಲ್ಲ. ನಕಾಗಾವಾ ಜುನ್‌ಆನ್ ಎಂಬ ಕಿರಿಯ ಮಿತ್ರ ಜೊತೆಗಿದ್ದ. ತಿಂಗಳಿಗೆ ಆರೇಳು ದಿನ ಸೇರುವರು. ಹುಬ್ಬೆಂದರೆ ಕಣ್ಣಿನ ಮೇಲಿರುವ ಕೂದಲು ಎಂಬ ಒಂದು ವಾಕ್ಯವನ್ನು ಬಿಡಿಸಲು ಚೈತ್ರದ ದೀರ್ಘ ಹಗಲೊಂದು ಸಂದಿತು. ಮೂಗಿನ ವರ್ಣನೆಯಲ್ಲಿ ಒಂದು ಶಬ್ದ ಅಡ್ಡ ನಿಂತಿತು. ಮಾಯೆನೊ ತಂದಿದ್ದ ಸಣ್ಣ ಪುಸ್ತಕದಲ್ಲಿ ಆ ಶಬ್ದಕ್ಕೆ ಎರಡು ಪ್ರಯೋಗ ಸಿಕ್ಕಿದವು: ಮರದ ಕೊಂಬೆ ಕಡಿದರೆ ಗಾಯದ ಜಾಗ ಹೀಗಾಗುತ್ತದೆ, ಅಂಗಳ ಗುಡಿಸಿದರೆ ಕಸ ಹೀಗಾಗುತ್ತದೆ. ಗಾಯ ಮಾಗಿದರೆ ಉಬ್ಬುತ್ತದೆ, ಕಸ ಕೂಡಿದರೆ ಗುಪ್ಪೆಯಾಗುತ್ತದೆ, ಮೂಗು ಮುಖದ ನಡುವೆ ಎದ್ದು ನಿಂತಿದೆ. ಹಾಗಾದರೆ ಇದು ‘ಉಬ್ಬಿ ನಿಂತ’ ಎಂಬರ್ಥದ ಶಬ್ದವಿರಬೇಕು! ರತ್ನ ಸಿಕ್ಕಿದಷ್ಟು ಸಂತೋಷವಾಯಿತೆಂದು ಸುಗಿತಾ ತನ್ನ ಎಂಬತ್ತು ದಾಟಿದ ಮುಪ್ಪಿನಲ್ಲಿ ಬರೆದಿದ್ದಾನೆ. ಕುಲ್ಮುಸನ ಪುಸ್ತಕದಲ್ಲಿ ಮೂಗಿನ ಪ್ರಕರಣದಲ್ಲಿ ಆ ಶಬ್ದವೇ ಇಲ್ಲವೆಂದು ಈಚಿನ ಪಂಡಿತರು ತೋರಿಸಿದ್ದಾರೆ. ಇರಲಿ, ನಲವತ್ತು ವರ್ಷಗಳಾಚೆ ಶಬ್ದ ಮರೆತಿದ್ದರೂ ಸಂತೋಷ ಮರೆತಿರಲಿಲ್ಲ. ಅರ್ಥವಾಗದ ಪದ ಬಂದಾಗ ಒಂದು ವೃತ್ತ ಬರೆದು ಅದರೊಳಗೆ ಅಡ್ಡಗೀಟು ಉದ್ದಗೀಟು ಹಾಕಿ ಮುಂದೆ ಹೋಗುತ್ತಿದ್ದರಂತೆ. ಮೊದಮೊದಲು ಪುಟದ ತುಂಬ ಅವೇ ವೃತ್ತಗಳು.

೧೭೭೪ರಲ್ಲಿ ಅನುವಾದ ಅಚ್ಚಾಯಿತು. ಹೆಸರು ‘ಕಾಯ್ತಾಯ್ ಶಿನ್ಶೊ’, ಅಂಗರಚನೆಯ ಹೊಸ ಪುಸ್ತಕ. ಬರೆದದ್ದು ಆಡುವ ಜಪಾನಿಯಲ್ಲಿ ಅಲ್ಲ, ಪಂಡಿತರ ಚೀನೀ ಶೈಲಿಯಲ್ಲಿ. ನಮ್ಮಲ್ಲಿ ಶಾಸ್ತ್ರವೆಂದರೆ ಸಂಸ್ಕೃತಕ್ಕೆ ಕೈಚಾಚುವುದಿಲ್ಲವೇ, ಹಾಗೆ. ಡಚ್ ಪದಗಳಿಗೆ ಸುಗಿತಾ ಮೂರು ದಾರಿ ಹಿಡಿದ: ಸಮಾನ ಪದವಿದ್ದರೆ ಅದನ್ನೇ ಇಡುವುದು, ಇಲ್ಲದಿದ್ದರೆ ಅರ್ಥ ನೋಡಿ ಹೊಸದು ಕಟ್ಟುವುದು, ಅದೂ ಆಗದಿದ್ದರೆ ಡಚ್ ಉಚ್ಚಾರವನ್ನೇ ಬರೆಯುವುದು. ಎಲುಬಿನಷ್ಟು ಗಟ್ಟಿಯಲ್ಲದ ಎಲುಬಿಗೆ ‘ನಾನ್‌ಕೊತ್ಸು’ ಎಂದು ಕಟ್ಟಿದರು. ನಾನ್ ಎಂದರೆ ಮೃದು, ಕೊತ್ಸು ಎಂದರೆ ಅಸ್ಥಿ. ನಮ್ಮ ಮೃದ್ವಸ್ಥಿಯನ್ನು ಕಟ್ಟಿದವರು ಜಪಾನೀ ಪುಸ್ತಕ ನೋಡಿರಲಾರರು. ಒಂದೇ ಕಷ್ಟ ಇಬ್ಬರನ್ನೂ ಒಂದೇ ಕಡೆಗೆ ಕರೆದೊಯ್ದಿತು. ಗ್ರಂಥಿಗೆ ಏನೂ ತೋಚದೆ ಡಚ್ ಶಬ್ದವನ್ನೇ ಉಳಿಸಿಕೊಂಡರು. ಮುಂದಿನ ಪೀಳಿಗೆಯ ಉದಗಾವಾ ಗೆನ್‌ಶಿನ್ ಎಂಬ ವೈದ್ಯ ಅದಕ್ಕಾಗಿ ಹಿಂದೆಂದೂ ಇಲ್ಲದ ಒಂದು ಲಿಪಿಚಿಹ್ನೆಯನ್ನೇ ನಿರ್ಮಿಸಿದ. ಚೀನೀಯರೂ ಇಂದು ಅದನ್ನು ಬಳಸುತ್ತಾರೆ. ಭಾಷೆ ಕಲಿಯಲು ಹೋದವರು ತಮ್ಮ ಭಾಷೆಯನ್ನು ಬೆಳೆಸಿ ಬಂದರು.

ಪುಸ್ತಕದ ಮೇಲೆ ಮಾಯೆನೊನ ಹೆಸರಿಲ್ಲ. ಎಲ್ಲರಿಗಿಂತ ಹೆಚ್ಚು ಡಚ್ ಬಲ್ಲವನು ಅವನೇ, ಇವರಿಗೆಲ್ಲ ಅಕ್ಷರ ಹೇಳಿಕೊಟ್ಟವನೂ ಅವನೇ. ಇಷ್ಟು ಅರೆಬರೆಯಾದದ್ದನ್ನು ಅಚ್ಚಿಗೆ ಕೊಡುವುದು ಅವನಿಗೆ ಒಗ್ಗಲಿಲ್ಲವೆಂದೂ, ಹೆಸರಿಗಾಗಿ ವಿದ್ಯೆ ಕಲಿಯುವುದಿಲ್ಲವೆಂದು ದೇವರ ಮುಂದೆ ಹರಕೆ ಹೊತ್ತಿದ್ದನೆಂದೂ ಹೇಳುತ್ತಾರೆ. ಸುಗಿತಾಗೆ ಪುಸ್ತಕ ಬೇಕಿತ್ತು. ರೋಗಿ ಕಾಯುತ್ತಿದ್ದಾನೆ, ಆಯುಸ್ಸು ಓಡುತ್ತಿದೆ, ತಪ್ಪಿದ್ದರೆ ಮುಂದಿನವರು ತಿದ್ದಲಿ ಎಂಬುದು ಅವನ ನಿಲುವು. ಮಾಯೆನೊಗೆ ಭಾಷೆ ಬೇಕಿತ್ತು. ರೋಗಿಗಳನ್ನು ಮರೆತು ಸದಾ ಡಚ್ಚಿನಲ್ಲೇ ಮುಳುಗಿರುತ್ತಾನೆಂದು ಯಾರೋ ದೂರಿದಾಗ ಅವನ ಒಡೆಯ, ನಕಾತ್ಸು ಸಂಸ್ಥಾನದ ಪ್ರಭು, ನಕ್ಕು ಅವನನ್ನು ಡಚ್ ಭೂತವೆಂದು ಕರೆದನಂತೆ. ಅದನ್ನೇ ಮಾಯೆನೊ ತನ್ನ ಅಂಕಿತವಾಗಿ ಇಟ್ಟುಕೊಂಡ. ನನ್ನ ಒಲವು ಮಾಯೆನೊ ಕಡೆಗೆ. ಆದರೆ ಸುಗಿತಾ ಇಲ್ಲದಿದ್ದರೆ ಪುಸ್ತಕವಿಲ್ಲ, ಪುಸ್ತಕವಿಲ್ಲದಿದ್ದರೆ ಮುಂದಿನ ಕಥೆಯೂ ಇಲ್ಲ.

ಆಮೇಲಿನ ಐವತ್ತು ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಇವರ ಶಿಷ್ಯ ಒತ್ಸುಕಿ ಗೆಂತಾಕು ಎದೊದಲ್ಲಿ ಶಾಲೆ ತೆರೆದು ಡಚ್ ಕಲಿಕೆಗೊಂದು ಕೈಪಿಡಿ ಬರೆದ. ೧೭೯೬ರಲ್ಲಿ ಮೊದಲ ಡಚ್–ಜಪಾನಿ ನಿಘಂಟು ಸಿದ್ಧವಾಯಿತು. ನೆಪೋಲಿಯನ್ನನ ಯುದ್ಧಗಳಿಂದ ಹಡಗು ಬಾರದೆ ದೆಜಿಮಾದಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದ ಹೆಂಡ್ರಿಕ್ ಡೂಫ್ ಎಂಬ ಅಧಿಕಾರಿ, ದುಭಾಷಿಗಳನ್ನು ಕೂಡಿಸಿಕೊಂಡು ಇನ್ನೊಂದು ದೊಡ್ಡ ನಿಘಂಟಿಗೆ ಕೈಹಾಕಿದ. ಅವನು ಹೋದ ಮೇಲೆ ೧೮೩೩ರಲ್ಲಿ ಅದು ಮುಗಿಯಿತು. ಅಚ್ಚಿಲ್ಲ, ಕೈಬರೆಹದ ಪ್ರತಿಗಳೇ. ೧೮೨೩ರಲ್ಲಿ ಸೀಬೋಲ್ಡ್ ಎಂಬ ವೈದ್ಯ ಬಂದ. ಅವನು ಜರ್ಮನ್, ಉಚ್ಚಾರ ಬೇರೆಯಿದೆಯಲ್ಲ ಎಂದು ದುಭಾಷಿಗಳು ಹುಬ್ಬೇರಿಸಿದಾಗ, ತಾನು ಬೆಟ್ಟದ ಸೀಮೆಯ ಡಚ್ಚನೆಂದು ಹೇಳಿ ತಪ್ಪಿಸಿಕೊಂಡನಂತೆ. ಹಾಲೆಂಡಿನಲ್ಲಿ ಬೆಟ್ಟವೆಂಬುದೇ ಇಲ್ಲವೆಂಬುದು ಅವರಿಗೆ ಹೇಗೆ ತಿಳಿಯಬೇಕು! ನಾಗಸಾಕಿಯ ಹೊರವಲಯದಲ್ಲಿ ಅವನು ನಡೆಸಿದ ಶಾಲೆಯಲ್ಲಿ ವೈದ್ಯ ವಿದ್ಯಾರ್ಥಿಗಳು ಜಪಾನಿನ ಸಂಗತಿಗಳ ಮೇಲೆ ಡಚ್ಚಿನಲ್ಲಿ ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ೧೮೨೮ರಲ್ಲಿ ಅವನ ಬಳಿ ನಿಷಿದ್ಧವಾದ ಭೂಪಟಗಳು ಇದ್ದುದು ಬಯಲಾಗಿ, ಅವನು ಗಡಿಪಾರಾದ. ಪಟ ಕೊಟ್ಟ ತಕಾಹಾಶಿ ಎಂಬ ಜಪಾನೀ ಖಗೋಳಜ್ಞ ಸೆರೆಮನೆಯಲ್ಲಿ ಸತ್ತ.

ಭಾಷೆ ಕಸುಬಿನ ಗಡಿ ದಾಟಿದರೆ ಏನಾಗುತ್ತದೆಂಬುದಕ್ಕೆ ಸೀಬೋಲ್ಡನ ಶಿಷ್ಯ ತಕಾನೊ ಚೋಎಯ್ ಸಾಕ್ಷಿ. ಡಚ್ ಕಲಿತದ್ದು ವೈದ್ಯಕ್ಕಾಗಿ. ಆದರೆ ಓದು ಬಲ್ಲವನಿಗೆ ಔಷಧದ ಪುಸ್ತಕ ಬೇರೆ, ಭೂಗೋಳದ ಪುಸ್ತಕ ಬೇರೆ ಎಂದು ಗೋಡೆ ಕಟ್ಟುವುದು ಯಾರಿಂದ ಸಾಧ್ಯ? ಪರದೇಶದ ಹಡಗುಗಳ ಮೇಲೆ ಗುಂಡು ಹಾರಿಸುವ ಸರ್ಕಾರದ ನೀತಿ ಅವಿವೇಕವೆಂದು ಅವನು ೧೮೩೮ರಲ್ಲಿ ಬರೆದ. ಮರುವರ್ಷ ಆಜೀವ ಕಾರಾಗೃಹವಾಯಿತು. ೧೮೪೪ರಲ್ಲಿ ಸೆರೆಮನೆಗೆ ಬೆಂಕಿ ಬಿದ್ದಾಗ ತಪ್ಪಿಸಿಕೊಂಡು, ಗುರುತು ಸಿಕ್ಕದಿರಲೆಂದು ಔಷಧದಿಂದ ಮುಖ ಸುಟ್ಟುಕೊಂಡು, ಮರೆಯಲ್ಲಿದ್ದುಕೊಂಡೇ ಡಚ್ ಪುಸ್ತಕಗಳನ್ನು ಅನುವಾದಿಸುತ್ತ ಬದುಕಿದ. ೧೮೫೦ರಲ್ಲಿ ಪತ್ತೆಯಾಗಿ ಸತ್ತ. ಅದಕ್ಕೆ ಹಿಂದಿನ ವರ್ಷವಷ್ಟೇ ಸರ್ಕಾರ, ತನ್ನ ವೈದ್ಯರು ಕಣ್ಣು ಮತ್ತು ಶಸ್ತ್ರಚಿಕಿತ್ಸೆಯಂಥ ಹೊರಚಿಕಿತ್ಸೆಗಳನ್ನು ಬಿಟ್ಟು ಮಿಕ್ಕದ್ದಕ್ಕೆ ಡಚ್ ಪದ್ಧತಿಯನ್ನು ಅನುಸರಿಸಕೂಡದೆಂದು ಆಜ್ಞೆ ಹೊರಡಿಸಿತ್ತು.

ಇಂಥ ಕಾಲದಲ್ಲಿ ಡಚ್ ಕಲಿಯಲು ಬರುತ್ತಿದ್ದ ಹುಡುಗರ ಮನಸ್ಸಿನಲ್ಲಿ ಏನಿತ್ತು? ಇದಕ್ಕೆ ಉತ್ತರ ಬೇಕಾದರೆ ಓಸಾಕಾ ನಗರದ ತೆಕಿಜುಕುವಿಗೆ ಹೋಗಬೇಕು. ಒಗಾತಾ ಕೋಆನ್ ಎಂಬ ವೈದ್ಯ ೧೮೩೮ರಲ್ಲಿ ತೆರೆದ ಗುರುಕುಲ ಅದು. ಜಪಾನಿನಲ್ಲಿ ಸಿಡುಬಿನ ದೇವಿ ಹಾಕಿಸುವುದನ್ನು ಬೆಳೆಸಿದವರಲ್ಲಿ ಒಗಾತಾ ಪ್ರಮುಖ. ಅವನ ದಾಖಲೆ ಪುಸ್ತಕದಲ್ಲಿ ಆರುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಹೆಸರಿದೆ. ಆ ಮರದ ಮನೆ ಓಸಾಕಾದಲ್ಲಿ ಇಂದಿಗೂ ನಿಂತಿದೆ.

ಫುಕುಜಾವಾ ಅಲ್ಲಿಗೆ ಸೇರಿದ್ದು ೧೮೫೫ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ಮರುವರ್ಷ ಅಣ್ಣ ತೀರಿಕೊಂಡದ್ದರಿಂದ ಊರಿಗೆ ಹೋಗಿ, ತಿರುಗಿ ಬರಲು ಸಂಸ್ಥಾನದ ಅಪ್ಪಣೆ ಬೇಡಿದ. ಡಚ್ ಕಲಿಯಲು ಹೋಗುತ್ತೇನೆಂದು ಅರ್ಜಿ ಬರೆದರೆ, ಅಂಥ ಅರ್ಜಿಗೆ ಪೂರ್ವೋದಾಹರಣೆ ಇಲ್ಲ, ಫಿರಂಗಿ ವಿದ್ಯೆ ಕಲಿಯಲು ಎಂದು ಬರೆ ಎಂದ ಗುಮಾಸ್ತೆ. ಒಗಾತಾ ವೈದ್ಯನಲ್ಲವೇ, ವೈದ್ಯನ ಬಳಿ ಫಿರಂಗಿ ಕಲಿಯುವುದು ಹೇಗೆ ಎಂದರೆ, ಅದು ಸುಳ್ಳಾದರೂ ಚಿಂತೆಯಿಲ್ಲ, ಪೂರ್ವೋದಾಹರಣೆ ಇಲ್ಲದ್ದು ಮಾತ್ರ ಆಗದು ಎಂಬ ಉತ್ತರ. ಫುಕುಜಾವಾ ಹಾಗೆಯೇ ಬರೆದುಕೊಟ್ಟ. ನಮ್ಮ ಕಚೇರಿಗಳನ್ನು ಕಂಡವರಿಗೆ ಈ ಗುಮಾಸ್ತೆ ಅಪರಿಚಿತನಲ್ಲ.

ತೆಕಿಜುಕುವಿನಲ್ಲಿ ಒಬ್ಬನಿಗೆ ಒಂದು ಚಾಪೆಯಷ್ಟು ಜಾಗ. ಬೆಳಕು ಬರುವ ಚಾಪೆ, ಗೋಡೆಯ ಮೂಲೆಯ ಚಾಪೆ, ರಾತ್ರಿ ಓಡಾಡುವವರು ತುಳಿದು ಹೋಗುವ ಚಾಪೆ ಎಂದು ತರತಮವುಂಟು. ಪರೀಕ್ಷೆಯಲ್ಲಿ ಮೇಲಾದವನಿಗೆ ಆರಿಸಿಕೊಳ್ಳುವ ಹಕ್ಕು. ಹೊಸಬನಿಗೆ ಎರಡು ವ್ಯಾಕರಣ ಪುಸ್ತಕಗಳನ್ನು ಹಿರಿಯ ವಿದ್ಯಾರ್ಥಿಗಳು ಹೇಳಿಕೊಡುವರು. ಅಲ್ಲಿಗೆ ಪಾಠ ಮುಗಿಯಿತು. ಆಮೇಲೆ ಯಾರೂ ಯಾರಿಗೂ ಅರ್ಥ ಹೇಳಕೂಡದು, ಕೇಳಲೂ ಕೂಡದು. ತಿಂಗಳಿಗೆ ಆರು ಸಲ ವಾಚನ ಗೋಷ್ಠಿ. ಹತ್ತು ಹದಿನೈದು ಮಂದಿ ಸುತ್ತ ಕೂತು, ಸರದಿಯಂತೆ ಒಬ್ಬೊಬ್ಬನೂ ತನ್ನ ಪಾಲಿನ ಭಾಗವನ್ನು ಬಿಡಿಸಿ ಹೇಳಬೇಕು. ತಪ್ಪಿದರೆ ಮುಂದಿನವನಿಗೆ ಹೋಗುತ್ತದೆ. ಮೂರು ತಿಂಗಳು ಎಡೆಬಿಡದೆ ಮೊದಲಿಗನಾದವನು ಮೇಲಿನ ತರಗತಿಗೆ.

ವೈದ್ಯ ಮತ್ತು ಭೌತಶಾಸ್ತ್ರದ ಪುಸ್ತಕಗಳು ಒಟ್ಟು ಹತ್ತೋ ಏನೋ. ಬೇಕಾದವನು ತನ್ನ ಪ್ರತಿಯನ್ನು ಹಕ್ಕಿಯ ಗರಿಯ ಲೇಖನಿಯಿಂದ ತಾನೇ ನಕಲು ಮಾಡಿಕೊಳ್ಳಬೇಕು. ಡೂಫನ ನಿಘಂಟು ಒಂದೇ ಒಂದು. ಅದಕ್ಕೊಂದು ಕೋಣೆ, ಅಲ್ಲಿಂದ ಅದನ್ನು ಕದಲಿಸುವಂತಿಲ್ಲ. ಗೋಷ್ಠಿಯ ಹಿಂದಿನ ರಾತ್ರಿ ಆ ಕೋಣೆಯಲ್ಲಿ ಹಣತೆ ಆರುತ್ತಿರಲಿಲ್ಲ, ಒಬ್ಬರನ್ನೊಬ್ಬರು ಒತ್ತಿಕೊಂಡು ಕಾದು ಕುಳಿತ ಹುಡುಗರು ಮಲಗುತ್ತಿರಲಿಲ್ಲ. ಒಮ್ಮೆ ಫುಕುಜಾವಾ ಜ್ವರದಿಂದ ಮಲಗಿದಾಗ ತಲೆದಿಂಬು ತರಲು ಹೇಳಿ, ಮನೆಯಲ್ಲೆಲ್ಲ ಹುಡುಕಿದರೂ ಸಿಕ್ಕದೆ, ವರ್ಷದಿಂದ ತಾನು ತಲೆದಿಂಬಿನ ಮೇಲೆ ತಲೆಯಿಟ್ಟೇ ಇಲ್ಲವೆಂಬುದು ಆಗ ಹೊಳೆಯಿತಂತೆ. ಓದುತ್ತ ಓದುತ್ತ ಮೇಜಿನ ಮೇಲೆ ಒರಗಿದರೆ ಅದೇ ನಿದ್ದೆ.

ಇವರನ್ನು ಋಷಿಗಳೆಂದು ಭ್ರಮಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬೆತ್ತಲೆ ತಿರುಗುವರು, ಕುಡಿಯುವರು, ಜಗಳ ಕಾಯುವರು, ಕುದುರೆಯ ಗೊರಸು ತಂದು ಕಾಯಿಸಿ ಅಮೋನಿಯಾ ತೆಗೆಯಲು ಹೋಗಿ ನೆರೆಹೊರೆಯವರಿಗೆಲ್ಲ ದುರ್ವಾಸನೆ ಹಿಡಿಸುವರು. ಆದರೆ ಚಿಕುಜೆನ್ ಸಂಸ್ಥಾನದ ಪ್ರಭು ಓಸಾಕಾದಲ್ಲಿ ತಂಗಿದ್ದಾಗ, ಅವನು ೮೦ ರ್ಯೋ ಕೊಟ್ಟು ಕೊಂಡಿದ್ದ ಭೌತಶಾಸ್ತ್ರದ ಡಚ್ ಪುಸ್ತಕವೊಂದನ್ನು ಒಗಾತಾ ಎರವಲು ತಂದ. ಫ್ಯಾರಡೆಯ ವಿದ್ಯುತ್ ಸಂಶೋಧನೆಯ ವಿಷಯ ಅದರಲ್ಲಿತ್ತು. ಪ್ರಭು ಹೊರಡುವವರೆಗೆ ಮಾತ್ರ ಅವಧಿ. ಪುಸ್ತಕವನ್ನು ಸವರುತ್ತ ಕೂತರೆ ಆಗದೆಂದು ವಿದ್ಯುತ್ತಿನ ಪ್ರಕರಣವನ್ನು ಆರಿಸಿಕೊಂಡು, ಒಬ್ಬ ಓದಿ ಹೇಳುವುದು ಒಬ್ಬ ಬರೆಯುವುದು, ದಣಿದವನ ಜಾಗಕ್ಕೆ ಇನ್ನೊಬ್ಬ ಕೂರುವುದು, ಹೀಗೆ ಹಗಲಿರುಳೆನ್ನದೆ ಚಿತ್ರಸಹಿತ ನಕಲು ಮಾಡಿ ಮುಗಿಸಿದರು. ಓಸಾಕಾದಲ್ಲಿ ಆಗ ವಿದ್ಯುತ್ತಿನಿಂದ ಯಾರಿಗೆ ಏನು ಆಗಬೇಕಿತ್ತು?

ಏನೂ ಇಲ್ಲ. ಇದೇ ಫುಕುಜಾವಾ ಒತ್ತಿ ಹೇಳುವ ಮಾತು. ಎದೊದಲ್ಲಿ ಡಚ್ ಬಲ್ಲವರಿಗೆ ಪ್ರಭುಗಳಿಂದ ಬೇಡಿಕೆಯಿತ್ತು, ಸಂಬಳವಿತ್ತು. ಓಸಾಕಾ ವ್ಯಾಪಾರಿಗಳ ಊರು; ಅಲ್ಲಿ ಈ ವಿದ್ಯೆಯನ್ನು ಕೊಳ್ಳುವವರಿಲ್ಲ, ಊರಿನ ಬಾಯಲ್ಲಿ ತಿರಸ್ಕಾರ ಮಾತ್ರ. ತಮ್ಮ ಕಲಿಕೆ ಎತ್ತ ಒಯ್ಯುತ್ತದೆಂಬ ಗುರಿಯಿಲ್ಲದ್ದರಿಂದಲೇ ಓಸಾಕಾದವರು ಎದೊದವರಿಗಿಂತ ಚೆನ್ನಾಗಿ ಕಲಿತರೆಂಬುದು ಅವನ ಅಭಿಪ್ರಾಯ. ದೇಶದಲ್ಲಿ ಬೇರಾರಿಗೂ ಆಗದ್ದು ನಮಗಾಗುತ್ತದೆ, ಹರಕು ಬಟ್ಟೆಯ ನಾವು ಅರಸರಿಗಿಂತ ಮೇಲು ಎಂಬ ಹೆಮ್ಮೆಯಿಂದ, ಕಷ್ಟವಾದಷ್ಟೂ ರುಚಿ ಹತ್ತಿತು. ಹಳೆಯ ವ್ಯಕ್ತಿ ತನ್ನ ಹರೆಯವನ್ನು ನೆನೆಯುವಾಗ ಒಂದಕ್ಕೆರಡು ಹೇಳುವುದುಂಟು, ಅದನ್ನು ಕಳೆದರೂ ಮಾತಿನಲ್ಲಿ ತಥ್ಯ ಉಳಿಯುತ್ತದೆ. ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು ೧೯೭೨ರ ತಮ್ಮ ಗ್ರಂಥದಲ್ಲಿ ಪರಭಾಷೆ ಕಲಿಯುವವರ ಮನೋಭಾವದಲ್ಲಿ ಎರಡು ಬಗೆ ಮಾಡಿದ್ದಾರೆ: ಭಾಷೆಯನ್ನು ಉಪಕರಣವಾಗಿ ಬಯಸುವವರು, ಆ ಭಾಷೆಯ ಜನರೊಡನೆ ಬೆರೆಯಲು ಬಯಸುವವರು. ತೆಕಿಜುಕುವಿನ ಹುಡುಗರನ್ನು ಎಲ್ಲಿ ಕೂರಿಸೋಣ? ಉಪಕರಣದಿಂದ ಗಳಿಕೆಯಿಲ್ಲ, ಬೆರೆಯೋಣವೆಂದರೆ ಹೆಚ್ಚಿನವರು ಡಚ್ಚನೊಬ್ಬನ ಮುಖವನ್ನೂ ಕಂಡವರಲ್ಲ. ಅವರಿಗಿದ್ದದ್ದು ಕಸುಬಿನೊಳಗೇ ಹುಟ್ಟಿದ ಒಂದು ಕುತೂಹಲ. ಶರೀರದೊಳಗೆ ಏನಿದೆ, ತಂತಿಯೊಳಗೆ ಏನು ಹರಿಯುತ್ತದೆ ಎಂಬುದು ಡಚ್ಚಿನಲ್ಲಿ ಬರೆದಿತ್ತು, ಬೇರೆಲ್ಲಿಯೂ ಇರಲಿಲ್ಲ. ನಮ್ಮ ತರಗತಿಗಳ ಭಾಷಾಪಾಠಕ್ಕೆ ಇಂಥ ಬಾಗಿಲೊಂದು ಇರಲಿಲ್ಲವೆಂದು ನನಗೆ ತೋರುತ್ತದೆ. ಎಂಜಿನಿಯರಾಗುವವನಿಗೆ ನಾವು ಕೊಟ್ಟದ್ದು ಬಿಟ್ಟಸ್ಥಳ ತುಂಬುವ ಅಭ್ಯಾಸ. ಅವನಿಗೆ ಬೇಕಾದ ರಹಸ್ಯ ಯಾವುದೂ ಆ ಬಿಟ್ಟ ಸ್ಥಳದಲ್ಲಿ ಅಡಗಿರಲಿಲ್ಲ.

೧೮೫೮ರಲ್ಲಿ ಸಂಸ್ಥಾನದ ಅಪ್ಪಣೆಯಂತೆ ಫುಕುಜಾವಾ ಎದೊಗೆ ಹೋಗಿ ಡಚ್ ಶಾಲೆ ತೆರೆದ. ಮರುವರ್ಷ ಯೊಕೊಹಾಮಾ ರೇವು ಪರದೇಶಿಗಳಿಗೆ ತೆರೆಯಿತು. ನೋಡಿಬರೋಣವೆಂದು ನಡೆದೇ ಹೋದ. ಅಂಗಡಿಯ ಫಲಕ ಓದಲಾಗಲಿಲ್ಲ, ಸೀಸೆಯ ಮೇಲಿನ ಚೀಟಿ ತಿಳಿಯಲಿಲ್ಲ. ಅವನ ಡಚ್ ಯಾರಿಗೂ ಅರ್ಥವಾಗಲಿಲ್ಲ. ಡಚ್ ಬರೆದು ತೋರಿಸಿದರೆ ಅರ್ಥಮಾಡಿಕೊಳ್ಳುವ ಒಬ್ಬ ಜರ್ಮನ್ ವರ್ತಕ ಸಿಕ್ಕಿದ, ಅಷ್ಟೇ. ಒಂದು ಹಗಲು ಒಂದು ರಾತ್ರಿ ನಡೆದು ಹಿಂದಿರುಗಿದಾಗ ಕಾಲಿನ ನೋವಿಗಿಂತ ಎದೆಯ ನೋವು ಹೆಚ್ಚಾಗಿತ್ತು. ಪ್ರಾಣ ಕೊಟ್ಟು ಕಲಿತ ಭಾಷೆ ಚಲಾವಣೆಯಲ್ಲಿಲ್ಲದ ನಾಣ್ಯವಾಗಿಬಿಟ್ಟಿತ್ತು. ಲೋಕದಲ್ಲಿ ನಡೆಯುವುದು ಇಂಗ್ಲಿಷ್ ಎಂಬುದು ಸ್ಪಷ್ಟವಾಗಿತ್ತು.

ಮರುದಿನದಿಂದಲೇ ಇಂಗ್ಲಿಷ್ ಆರಂಭಿಸಿದ ಫುಕುಜಾವಾ, ಜೊತೆಗಾರರನ್ನು ಹುಡುಕಿದ ಪ್ರಸಂಗ ನನ್ನ ವಿಷಯಕ್ಕೆ ತುಂಬ ಹತ್ತಿರದ್ದು. ಕಾಂದಾ ಎಂಬ ವಿದ್ವಾಂಸನನ್ನು ಕೇಳಿದ. ನಾನೂ ಯತ್ನಿಸಿ ದಾರಿ ಕಾಣದೆ ಬಿಟ್ಟೆ, ನೀನು ಮುಂದೆ ಹೋಗು, ನಿನಗೆ ದಾರಿ ಕಂಡರೆ ನಾನೂ ಬರುತ್ತೇನೆ ಎಂದ ಕಾಂದಾ. ತೆಕಿಜುಕುವಿನ ಹಿರಿಯ ಮುರಾತಾ ಝೋರೊಕುವನ್ನು ಕೇಳಿದ. ಮುರಾತಾ ಖಂಡಿತವಾಗಿ ಒಲ್ಲೆನೆಂದ: ಮುಖ್ಯವಾದ ಪುಸ್ತಕಗಳನ್ನೆಲ್ಲ ಡಚ್ಚರು ಹೇಗೂ ಅನುವಾದಿಸುತ್ತಾರೆ, ಮತ್ತೊಂದು ಭಾಷೆಯ ತೊಡಕು ಯಾಕೆ? ಮೂರನೆಯವನು ಹರಾದಾ, ಅವನು ಯಾರು ಬರಲಿ ಬಿಡಲಿ ಕಲಿಯೋಣವೆಂದು ಹೊರಟ. ಮೂವರೂ ದಡ್ಡರಲ್ಲ. ಮುರಾತಾ ಮುಂದೆ ಓಮುರಾ ಮಸುಜಿರೋ ಎಂಬ ಹೆಸರಿನಿಂದ ಜಪಾನಿನ ಆಧುನಿಕ ಸೈನ್ಯದ ನಿರ್ಮಾತೃವಾದವನು. ಅವನ ವಾದದಲ್ಲಿ ಯುಕ್ತಿಯಿದೆ. ಕಸುಬಿಗೆ ಬೇಕಾದಷ್ಟು ಒಂದು ಭಾಷೆಯಲ್ಲಿ ಸಿಕ್ಕಿದ ಮೇಲೆ ಇನ್ನೊಂದು ಏತಕ್ಕೆ ಎನ್ನುವವನಿಗೆ ಉತ್ತರ ಹೇಳುವುದು ಸುಲಭವಲ್ಲ. ಫುಕುಜಾವಾ ವಾದ ಮಾಡಲಿಲ್ಲ. ಸಂಸ್ಥಾನದ ಹಣದಿಂದ ಇಂಗ್ಲಿಷ್–ಡಚ್ ನಿಘಂಟೊಂದನ್ನು ತರಿಸಿಕೊಂಡು ಕೂತ. ಉಚ್ಚಾರಕ್ಕೆ, ಸಮುದ್ರದಲ್ಲಿ ದಿಕ್ಕೆಟ್ಟು ಪರದೇಶ ಸೇರಿ ಮರಳಿ ಬಂದವರನ್ನೂ ನಾಗಸಾಕಿಯಿಂದ ಬಂದ ಒಬ್ಬ ಬಾಲಕನನ್ನೂ ಹಿಡಿದ. ಬಹು ಬೇಗ ಅವನಿಗೊಂದು ಸಂಗತಿ ಗೋಚರವಾಯಿತು: ವ್ಯಾಕರಣ ಹತ್ತಿರದ್ದು, ವಾಕ್ಯ ಬಿಡಿಸುವ ಕ್ರಮ ಅದೇ. ಡಚ್ ಮುಳುಗಿತೆಂದುಕೊಂಡದ್ದು ಮುಳುಗಿರಲಿಲ್ಲ. ಅವನು ಇಂಗ್ಲಿಷನ್ನು ಓದಿದ್ದು ಡಚ್ ಅರ್ಥಗಳ ಮೂಲಕವೇ. ೧೮೬೦ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಅವನ ಶಾಲೆ ಬೆಳೆದು ಕೇಯೋ ವಿಶ್ವವಿದ್ಯಾಲಯವಾಯಿತು.

ವೈದ್ಯರಿಗೂ ಡಚ್ ತಪ್ಪಿಹೋಯಿತು. ಹೊಸ ಸರ್ಕಾರ ೧೮೭೦ರಲ್ಲಿ ಜರ್ಮನ್ ವೈದ್ಯಪದ್ಧತಿಯನ್ನು ಆರಿಸಿಕೊಂಡಿತು. ಮರುವರ್ಷ ಜರ್ಮನ್ ವೈದ್ಯರಿಬ್ಬರು ಪಾಠ ಹೇಳಲು ತೋಕಿಯೋಗೆ ಬಂದರು. ಡಚ್ ವೈದ್ಯಗ್ರಂಥಗಳಲ್ಲಿ ಬಹುಪಾಲು ಜರ್ಮನಿನ ಅನುವಾದಗಳೇ ಎಂಬುದು ಆಗಿನ ಒಂದು ವಾದ. ಅದು ನಿಜವೂ ಹೌದು. ಸುಗಿತಾ ಮತ್ತು ಮಾಯೆನೊ ಹುಬ್ಬಿಗೊಂದು ದಿನ ಕಳೆದ ಆ ಕುಲ್ಮುಸನ ಪುಸ್ತಕದ ಮೂಲವೂ ಜರ್ಮನ್ನೇ. ಹೊಸ ಪೀಳಿಗೆಯ ವೈದ್ಯ ವಿದ್ಯಾರ್ಥಿಗಳು ಜರ್ಮನ್ ಕಲಿತರು. ಜಪಾನೀ ಶಸ್ತ್ರವೈದ್ಯರು ತಮ್ಮ ಕೈಯ ಕತ್ತಿಯನ್ನು ಇಂದಿಗೂ ‘ಮೆಸು’ ಎನ್ನುತ್ತಾರೆ, ಅದು ಡಚ್. ರೋಗಿಯ ವಿವರ ಬರೆಯುವ ಹಾಳೆಯನ್ನು ‘ಕರುತೆ’ ಎನ್ನುತ್ತಾರೆ, ಅದು ಜರ್ಮನ್.

ಈ ಬದಲಾವಣೆಗೆ ಒಂದು ವರ್ಷ ಮೊದಲು, ೧೮೬೯ರಲ್ಲಿ, ಒಂದು ಹಳೆಯ ಪುಸ್ತಕ ಎದೊದಲ್ಲಿ ಮೊದಲ ಸಲ ಅಚ್ಚಾಯಿತು. ಆ ಹೊತ್ತಿಗೆ ಊರಿನ ಹೆಸರೂ ತೋಕಿಯೋ ಎಂದಾಗಿತ್ತು. ಸುಗಿತಾ ಗೆನ್‌ಪಾಕು ತನ್ನ ಮುಪ್ಪಿನಲ್ಲಿ, ೧೮೧೫ರಲ್ಲಿ, ಡಚ್ ವಿದ್ಯೆ ಆರಂಭವಾದ ಬಗೆಯನ್ನು ನೆನೆದು ಬರೆದಿಟ್ಟ ಸ್ಮರಣೆ ಅದು. ಮನೆತನದಲ್ಲಿದ್ದ ಮೂಲಪ್ರತಿ ೧೮೫೫ರ ಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಗಿ, ಕೃತಿಯೇ ಇಲ್ಲವಾಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಇಂಗ್ಲಿಷಿಗೆ ದಾರಿ ಕಾಣಲಿಲ್ಲವೆಂದ ಅದೇ ಕಾಂದಾ ಒಂದು ದಿನ ಬೀದಿಬದಿಯ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಅದರ ಒಂದು ಹಸ್ತಪ್ರತಿಯನ್ನು ಕಂಡ. ಮಿತ್ರರೆಲ್ಲ ಪ್ರತಿ ಮಾಡಿಕೊಂಡರು. ಫುಕುಜಾವಾ, ತೆಕಿಜುಕುವಿನ ತನ್ನ ಗೆಳೆಯ ಮಿತ್ಸುಕುರಿ ಶೂಹೆಯ್ ಜೊತೆಗೂಡಿ ಅದನ್ನು ಮತ್ತೆ ಮತ್ತೆ ಓದುತ್ತಿದ್ದನಂತೆ. ಮಾಯೆನೊನ ಮನೆಯಲ್ಲಿ ಮೂವರು ಆ ಪುಸ್ತಕವನ್ನು ಮೊದಲ ಸಲ ಬಿಚ್ಚಿ, ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಬೆಪ್ಪಾಗಿ ಕೂತ ಜಾಗಕ್ಕೆ ಬಂದಾಗ ಇಬ್ಬರಿಗೂ ಗಂಟಲು ಕಟ್ಟಿ ಓದು ನಿಂತುಬಿಡುತ್ತಿತ್ತು. ಮಾಯೆನೊ ನಕಾತ್ಸು ಸಂಸ್ಥಾನದ ವೈದ್ಯ. ಫುಕುಜಾವಾ ಅದೇ ಸಂಸ್ಥಾನದವನು. ಎದೊದಲ್ಲಿ ಅವನು ಶಾಲೆ ತೆರೆದದ್ದು ಅದೇ ಸಂಸ್ಥಾನದ ಬಿಡದಿಯಲ್ಲಿ. ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಫುಕುಜಾವಾ ಸುಗಿತಾನ ವಂಶಸ್ಥರ ಬಳಿಗೆ ಹೋಗಿ, ಈ ಗಲಭೆಯಲ್ಲಿ ಉಳಿದ ಪ್ರತಿಗಳೂ ನಾಶವಾದಾವು, ಅಚ್ಚು ಹಾಕಿಸೋಣ, ವೆಚ್ಚ ನಾನು ಕೊಡುತ್ತೇನೆಂದ. ಆ ಹೊತ್ತಿಗೆ ಅವನು ಡಚ್ ಬಿಟ್ಟು ಹತ್ತು ವರ್ಷವಾಗಿತ್ತು.